ಕ್ಯಾನಿಸ್ಟರ್ ಫಿಲ್ಟರ್‌ಗೆ ಗಾಳಿ ಹಿಡಿಯುತ್ತಿದೆ, ಒಳಗೆ ಹೋಗ್ತಿರೋದು ಎಲ್ಲಿಂದ?

ಟೆಟ್ರಾ_ತುಮಕೂರು

3 ಅಡಿ ಮೀನಿನ ಟ್ಯಾಂಕ್ (90×45×45 ಸೆಂ.ಮೀ.), ಗಿಡಗಳಿವೆ, ಸಿಒ2 ಹಾಯಿಸ್ತಿಲ್ಲ. ಕೆಳಗಿನ ಕಪಾಟಿನಲ್ಲಿ ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ನೀರನ್ನು ಪೈಪಿನಲ್ಲಿ ಎಳೆದು, ಶೋಧಿಸಿ ವಾಪಸ್ ಕಳಿಸುವ ಮುಚ್ಚಿದ ಡಬ್ಬ). ಗಂಟೆಗೆ 1000 ಲೀಟರ್, ಗರಿಷ್ಠ ಹೆಡ್ (ನೀರು ಎತ್ತಬಲ್ಲ ಎತ್ತರ) 1.5 ಮೀಟರ್ ಅಂತ ಬಾಕ್ಸ್ ಮೇಲಿದೆ. ಟ್ಯಾಂಕಿನ ನೀರಿನ ಮಟ್ಟದಿಂದ ಫಿಲ್ಟರ್ ಮುಚ್ಚಳ ಸುಮಾರು 80 ಸೆಂ.ಮೀ. ಕೆಳಗೆ ಬರುತ್ತೆ. ಪೈಪಿನ ಒಳ ಅಳತೆ 16 ಮಿ.ಮೀ. ಬುಟ್ಟಿ ಮೂರು: ಅಡಿಯಲ್ಲಿ ದಪ್ಪ ಸ್ಪಾಂಜ್, ನಡುವೆ ಸೆರಾಮಿಕ್ ರಿಂಗ್, ಮೇಲೆ ಫಿಲ್ಟರ್ ವೂಲ್ ಮೂರು ಪದರ. ಸೀಗಡಿ ಮರಿ ಒಳಗೆ ಹೋಗದಿರಲಿ ಅಂತ ಇನ್‌ಟೇಕ್ (ನೀರು ಎಳೆಯುವ ಪೈಪ್) ಜಾಲರಿಗೂ ಒಂದು ಸ್ಪಾಂಜ್ ತೊಡಿಸಿದೆ.

ತೊಳೆದು ಜೋಡಿಸಿದ ಮೇಲೆ ಎರಡು ವಾರ ಸದ್ದೇ ಇರಲ್ಲ. ಆಮೇಲೆ ಮೋಟಾರಿನಿಂದ ಗರಗರ ಶುರು. ಹತ್ತು ನಿಮಿಷಕ್ಕೊಮ್ಮೆ ಸ್ಪ್ರೇ ಬಾರಿನಿಂದ (ನೀರು ಟ್ಯಾಂಕಿಗೆ ವಾಪಸ್ ಬೀಳುವ ತೂತಿನ ಪೈಪ್) ಬುಳಕ್ ಅಂತ ಒಂದಷ್ಟು ಗುಳ್ಳೆ ಬಂದು ಸುಮ್ಮನಾಗುತ್ತೆ. ಡಬ್ಬ ಓರೆ ಮಾಡಿ ಅಲ್ಲಾಡಿಸಿದರೆ ಗಾಳಿ ಹೋಗುತ್ತೆ, ಅರ್ಧ ಗಂಟೆಯಲ್ಲಿ ಮತ್ತೆ ಅದೇ ಕಥೆ. ನೀರಿನ ಹರಿವೂ ಕಮ್ಮಿಯಾಗಿದೆ. ಕಪಾಟಿನೊಳಗೆ ಎಲ್ಲೂ ನೀರು ಸೋರಿಲ್ಲ. ಹಾಗಾಗಿ ಲೀಕ್ ಇಲ್ಲ ಅಂದ್ಕೊಂಡಿದ್ದೀನಿ. ಏರ್ ಸ್ಟೋನ್ ಇದೆ, ಆದರೆ ಇನ್‌ಟೇಕ್ ಇರುವ ಮೂಲೆಯಿಂದ ದೂರ.

ಹೊಸ ಓ-ರಿಂಗ್ (ಮುಚ್ಚಳದ ಸಂದು ಮುಚ್ಚುವ ರಬ್ಬರ್ ಬಳೆ) ಹಾಕಬೇಕಾ, ಮೋಟಾರೇ ಹೋಗಿದೆಯಾ, ಅಥವಾ ಬೇರೆ ಏನಾದರೂ ನೋಡಬೇಕಾ?

---

ಬಾರ್ಬ್_ಮಲ್ನಾಡ್

ಏನನ್ನೂ ಕೊಳ್ಳುವ ಮೊದಲು ಎರಡನ್ನು ಬೇರೆ ಮಾಡ್ಕೊಳ್ಳಿ: ಜೋಡಿಸುವಾಗ ಒಳಗೆ ಉಳಿದ ಗಾಳಿ, ಓಡುವಾಗ ಹೊಸದಾಗಿ ಸೇರುವ ಗಾಳಿ. ಉಳಿದ ಗಾಳಿಯಾದರೆ ತೊಳೆದ ದಿನವೇ ಸದ್ದು ಬರುತ್ತೆ, ಒಂದೆರಡು ದಿನದಲ್ಲಿ ತಾನಾಗಿ ನಿಲ್ಲುತ್ತೆ. ನಿಮ್ಮದು ಎರಡು ವಾರ ಬಿಟ್ಟು ಶುರುವಾಗಿ, ತೆಗೆದರೂ ಅರ್ಧ ಗಂಟೆಗೆ ವಾಪಸ್ ಬರ್ತಿದೆ. ಅಂದರೆ ಹೊಸ ಗಾಳಿಯೇ ಸೇರ್ತಿದೆ.

ಖರ್ಚಿಲ್ಲದ ಪರೀಕ್ಷೆಗಳು ಇವು. ಒಂದಾದ ಮೇಲೆ ಒಂದು ಮಾಡಿ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

1. ಏರ್ ಪಂಪ್ ಎರಡು ಗಂಟೆ ಬಂದ್ ಮಾಡಿ ನೋಡಿ. ದೂರ ಇದ್ದರೂ ಸ್ಪ್ರೇ ಬಾರಿನ ಸುತ್ತುಹರಿವು ಸಣ್ಣ ಗುಳ್ಳೆಗಳನ್ನು ಇನ್‌ಟೇಕ್ ತನಕ ತಳ್ಳಿಕೊಂಡು ಬರಬಹುದು.

2. ಹರಿವು ಅಳೆಯಿರಿ. ಸ್ಪ್ರೇ ಬಾರ್ ಬಿಚ್ಚಿ, ಔಟ್‌ಲೆಟ್ ಪೈಪಿನ ಬಾಯನ್ನು ನೀರಿನ ಮಟ್ಟದಲ್ಲೇ ಇಟ್ಟು 1 ಲೀಟರ್ ಜಗ್ ತುಂಬಲು ಎಷ್ಟು ಸೆಕೆಂಡ್ ಅಂತ ನೋಡಿ. 1000 ಅಂತ ಬರೆದಿದ್ದರೂ ಮೀಡಿಯಾ (ಸ್ಪಾಂಜ್, ರಿಂಗ್, ವೂಲ್) ತುಂಬಿದ ಫಿಲ್ಟರ್ 500–600 ಕೊಟ್ಟರೆ ಸರಿಯಾಗೇ ಇದೆ ಅಂತ ಲೆಕ್ಕ, ಅಂದರೆ 6–7 ಸೆಕೆಂಡ್.

3. ಇನ್‌ಟೇಕ್ ಸ್ಪಾಂಜ್ ತೆಗೆದು ಮತ್ತೆ ಅಳೆಯಿರಿ.

4. ಕತ್ತಲಲ್ಲಿ ಇನ್‌ಟೇಕ್ ಪೈಪಿನ ಹಿಂದೆ ಟಾರ್ಚ್ ಹಿಡಿದು ಐದು ನಿಮಿಷ ನೋಡಿ. ಗುಳ್ಳೆ ಕೆಳಗೆ ಇಳೀತಿದ್ದರೆ ಗಾಳಿ ಸೇರೋದು ಡಬ್ಬಕ್ಕಿಂತ ಮೇಲೆ. ಇನ್‌ಟೇಕ್ ಪೈಪಿನಲ್ಲಿ ಒಂದೂ ಗುಳ್ಳೆ ಇಲ್ಲದೆ ಸ್ಪ್ರೇ ಬಾರಿನಲ್ಲಿ ಮಾತ್ರ ಬಂದರೆ ಗಾಳಿ ಹುಟ್ಟೋದೋ ಸೇರೋದೋ ಡಬ್ಬದಲ್ಲೇ. ನಾಲ್ಕರಲ್ಲಿ ಇದೇ ಮುಖ್ಯ, ಇದನ್ನು ಬಿಡಬೇಡಿ.

ಇನ್ನು ಮೋಟಾರಿನ ವಿಷಯ. ಸದ್ದು ಗುಳ್ಳೆಯ ಜೊತೆ ಬಂದು ಗುಳ್ಳೆಯ ಜೊತೆ ಹೋದರೆ ಅದು ಗಾಳಿ. ಗುಳ್ಳೆಯೇ ಇಲ್ಲದೆ ಒಂದೇ ಸಮ ಕಟಕಟ ಅಂದರೆ ಇಂಪೆಲ್ಲರಿನ (ನೀರು ತಳ್ಳುವ ಚಕ್ರ) ಸೆರಾಮಿಕ್ ಕಡ್ಡಿ ಮುರಿದಿರುತ್ತೆ, ಇಲ್ಲವೇ ಅದರ ತುದಿಯ ರಬ್ಬರ್ ಬುಷ್ ಬಿದ್ದುಹೋಗಿರುತ್ತೆ. ತೊಳೆಯುವಾಗ ಆ ಬುಷ್ ಸಿಂಕಿನಲ್ಲಿ ಹರಿದು ಹೋಗೋದು ತೀರಾ ಸಾಮಾನ್ಯ.

---

ಪಂಪ್_ಲೆಕ್ಕ

"ನೀರು ಸೋರಿಲ್ಲ, ಹಾಗಾಗಿ ಲೀಕ್ ಇಲ್ಲ" ಅನ್ನೋ ಮಾತಿನಲ್ಲೇ ತೊಡಕಿದೆ. ನೀರು ಹೊರಗೆ ಸೋರುವ ಜಾಗವೂ ಗಾಳಿ ಒಳಗೆ ಹೋಗುವ ಜಾಗವೂ ಒಂದೇ ಆಗಬೇಕಿಲ್ಲ. ಒತ್ತಡ ಎಲ್ಲಿ ಹೊರಗಿನ ಗಾಳಿಗಿಂತ ಕಮ್ಮಿಯೋ ಅಲ್ಲಿ ಮಾತ್ರ ಗಾಳಿ ನುಗ್ಗುತ್ತೆ. ಅದನ್ನು ಸೆಂಟಿಮೀಟರಿನಲ್ಲೇ ಲೆಕ್ಕ ಹಾಕಬಹುದು.

ಮೋಟಾರ್ ಬಂದ್ ಇದ್ದಾಗ: ಟ್ಯಾಂಕಿನ ನೀರಿನ ಮಟ್ಟ ಸೊನ್ನೆ ಅಂತ ಇಟ್ಕೊಳ್ಳಿ. ಮುಚ್ಚಳ 80 ಸೆಂ.ಮೀ. ಕೆಳಗಿದೆ, ಅಲ್ಲಿ +80 ಸೆಂ.ಮೀ. ನೀರಿನ ಒತ್ತಡ. ಓ-ರಿಂಗ್ ಸರಿಯಿಲ್ಲದಿದ್ದರೆ ನೀರು ಹೊರಗೆ ಬರುತ್ತೆ, ಗಾಳಿ ಒಳಗೆ ಹೋಗಲ್ಲ. ಟ್ಯಾಂಕಿನ ಅಂಚು ದಾಟುವ ಯು-ಬೆಂಡ್ ನೀರಿಗಿಂತ ಮೇಲಿದೆ, 8 ಸೆಂ.ಮೀ. ಮೇಲಿದ್ದರೆ ಅಲ್ಲಿ −8. ಆ ಜಾಗ ಮೋಟಾರ್ ಓಡಲಿ ಬಿಡಲಿ ಯಾವಾಗಲೂ ಗಾಳಿ ಎಳೆಯೋಕೆ ಕಾಯ್ತಿರುತ್ತೆ. ಅಲ್ಲಿನ ಜಾಯಿಂಟ್ ಸಡಿಲ ಇದ್ದರೆ ಒಂದು ಹನಿ ನೀರೂ ಸೋರಲ್ಲ, ಗಾಳಿ ಮಾತ್ರ ಹೋಗುತ್ತೆ. ಆದ್ದರಿಂದ ಮೊದಲ ಅನುಮಾನ ಅದರ ಮೇಲೆ.

ಪರೀಕ್ಷೆ: ಟ್ಯಾಂಕಿನ ಒಳಗಿರುವ ಜಾಯಿಂಟ್ ಮುಳುಗುವಷ್ಟು ನೀರು ಏರಿಸಿ. ಹೊರಗಿನ ಜಾಯಿಂಟಿಗೆ ವ್ಯಾಸಲಿನ್ ದಪ್ಪಗೆ ಮೆತ್ತಿ. ಇದು ಪರೀಕ್ಷೆಗೆ ಮಾತ್ರ, ಆಮೇಲೆ ಒರೆಸಿಬಿಡಿ. ಗುಳ್ಳೆ ನಿಂತರೆ ಕಳ್ಳ ಸಿಕ್ಕ ಹಾಗೆ. ಗ್ಯಾಸ್ ಸಿಲಿಂಡರಿಗೆ ಹಚ್ಚುವ ಹಾಗೆ ಸೋಪ್ ನೀರು ಹಚ್ಚಬೇಡಿ. ಇಲ್ಲಿ ಅದು ನೊರೆ ಬರಿಸಲ್ಲ, ಒಳಗೆ ಎಳೆದುಕೊಂಡು ಮೀನಿಗೆ ಹೋಗುತ್ತೆ.

ಮೋಟಾರ್ ಓಡುವಾಗ: ಈ ಮಾದರಿಯಲ್ಲಿ ನೀರು ಮುಚ್ಚಳದಿಂದ ಮೂಲೆಯ ಕೊಳವೆಯಲ್ಲಿ ಅಡಿಗೆ ಇಳಿದು, ಬುಟ್ಟಿಗಳ ಮೂಲಕ ಮೇಲೇರಿ, ಕೊನೆಗೆ ಇಂಪೆಲ್ಲರ್ ಸೇರುತ್ತೆ. ಅಂದರೆ ಮುಚ್ಚಳದ ಕೆಳಗಿನ ಜಾಗ, ಓ-ರಿಂಗ್ ಕೂರುವ ಸುತ್ತು, ಎಲ್ಲ ಮೀಡಿಯಾ ಆದ *ಮೇಲೆ*, ಇಂಪೆಲ್ಲರಿಗೆ *ಮುಂಚೆ*. ಜಾಲರಿ, ಪೈಪು, ಸ್ಪಾಂಜು, ವೂಲ್ ಇವುಗಳಲ್ಲಿ ಕಮ್ಮಿಯಾಗುವ ಒತ್ತಡವನ್ನೆಲ್ಲ ಆ +80ರಿಂದ ಕಳೆಯಬೇಕು. ಎಲ್ಲ ಶುಚಿ ಇದ್ದಾಗ 30–40 ಹೋದರೂ ಅಲ್ಲಿ ಇನ್ನೂ ಪ್ಲಸ್. ವೂಲ್ ಕಟ್ಟಿಕೊಂಡು 100 ಸೆಂ.ಮೀ. ತಿಂದರೆ ಅಲ್ಲಿ −20. ಪಂಪ್ ಒಟ್ಟು 150 ಕೊಡಬಲ್ಲದು, ಹಾಗಾಗಿ ಇದು ಆಗದ ಮಾತಲ್ಲ. ಆಗ ಮುಚ್ಚಳದ ಸುತ್ತ ಎಲ್ಲಿ ಕೂದಲೆಳೆ ಸಂದಿದ್ದರೂ ಗಾಳಿ ಒಳಗೆ ಬರುತ್ತೆ. ಎರಡು ವಾರ ಸುಮ್ಮನಿದ್ದು ಆಮೇಲೆ ಶುರುವಾಗೋದಕ್ಕೆ ಇದು ಸರಿಯಾಗಿ ಹೊಂದುತ್ತೆ.

ಇದನ್ನು ಹಿಡಿಯೋದು ಸುಲಭ. ಮೋಟಾರ್ ಆಫ್ ಮಾಡಿ, ಎರಡೂ ವಾಲ್ವ್ ತೆರೆದೇ ಇಟ್ಟು, ಮುಚ್ಚಳದ ಸುತ್ತ ಒಣ ಟಿಶ್ಯೂ ಪೇಪರ್ ಸುತ್ತಿ ಒಂದು ಗಂಟೆ ಬಿಡಿ. +80 ಒತ್ತಡ ಪೂರ್ತಿ ವಾಪಸ್ ಬಂದಿರುತ್ತೆ, ಸಂದು ಇರುವ ಕಡೆ ಟಿಶ್ಯೂ ಒದ್ದೆಯಾಗುತ್ತೆ. ಓಡುವಾಗ ಒಳಕ್ಕೆ ಎಳೆಯುವ ಸಂದು ನಿಂತಾಗ ಹೊರಕ್ಕೆ ಬಿಡುತ್ತೆ.

ಇನ್ನೊಂದು ಮಾತು. ನೀರಿನಲ್ಲಿ ಗುಳ್ಳೆ ಮೇಲೇರುವ ವೇಗ ಸೆಕೆಂಡಿಗೆ ಸುಮಾರು 25 ಸೆಂ.ಮೀ. 16 ಮಿ.ಮೀ. ಪೈಪಿನಲ್ಲಿ ಗಂಟೆಗೆ 600 ಲೀಟರ್ ಹರಿದರೆ ನೀರಿನ ವೇಗ 80 ದಾಟುತ್ತೆ, ಗುಳ್ಳೆಯನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತೆ. ಹರಿವು 180ಕ್ಕೆ ಬಿದ್ದರೆ ವೇಗ 25. ಆಗ ಗುಳ್ಳೆ ಯು-ಬೆಂಡಿನಲ್ಲಿ, ಪೈಪಿನ ಉಬ್ಬಿನಲ್ಲಿ ನಿಂತುಬಿಡುತ್ತೆ, ಹರಿವು ಇನ್ನೂ ಕಮ್ಮಿಯಾಗುತ್ತೆ. ಔಟ್‌ಲೆಟ್ ಪೈಪ್ ಉದ್ದ ಜಾಸ್ತಿ ಇದ್ದು ಕಪಾಟಿನೊಳಗೆ ಮೇಲೆದ್ದು ಇಳಿದಿದ್ದರೆ ಕತ್ತರಿಸಿ. ಡಬ್ಬದಿಂದ ಟ್ಯಾಂಕಿನ ಅಂಚಿಗೆ ಒಂದೇ ಏರು ಇರಬೇಕು.

---

ಗಪ್ಪಿ_ಗದಗ

ಲೆಕ್ಕ ಭಾಳ ಚಲೋ ಹಾಕ್ಯಾರ. ಒಂದೆರಡು ಬಿಟ್ಟುಹೋಗ್ಯಾವ, ನಾ ಹೇಳ್ತೀನಿ ನೋಡ್ರಿ.

ಗಾಳಿ ಹೊರಗಿಂದನ ಬರಬೇಕಂತಿಲ್ಲ. ತಣ್ಣನ ನೀರಿನ್ಯಾಗ ಕರಗಿರೋ ಗಾಳಿ, ನೀರು ಬಿಸಿ ಆದಂಗ ಹೊರಗ ಬೀಳ್ತೈತಿ. 20 ಡಿಗ್ರಿ ನೀರು ಲೀಟರಿಗೆ 9.1 ಮಿ.ಗ್ರಾಂ. ಆಕ್ಸಿಜನ್ ಹಿಡಿತೈತಿ, 28ಕ್ಕ 7.8 ಅಷ್ಟ. ಚಳಿಗಾಲದಾಗ ಬೆಳಗ್ಗೆ ನಳದ ನೀರು ಹಾಕಿ ಹೀಟರ್ ಹಚ್ಚಿದ್ರ ಗಾಜಿನ ಮ್ಯಾಲೆ, ಗಿಡದ ಎಲಿ ಮ್ಯಾಲೆ ಸಣ್ಣ ಗುಳ್ಳಿ ಕೂಡ್ತಾವಲ್ಲ, ಅದ ಇದು. ಡಬ್ಬಿ ಒಳಗೂ ಹಂಗ ಕೂಡ್ತಾವ. ಒಂದು ದಿನ ಕಾದ್ರ ಮುಗೀತು, ಇದಕ್ಕ ಏನೂ ಬಿಚ್ಚೂದು ಬ್ಯಾಡ.

ಎರಡನೇದು, ತಿಂಗಳಗಟ್ಟಲೆ ತೊಳೀಲಾರದ ಸೆರಾಮಿಕ್ ರಿಂಗಿನ ನಡುವ ರಾಡಿ ಕಟ್ಟಿದ್ರ ಅಲ್ಲಿ ಆಕ್ಸಿಜನ್ ಹೋಗಂಗಿಲ್ಲ. ನೈಟ್ರೇಟ್ ಒಡದು ನೈಟ್ರೋಜನ್ ಗುಳ್ಳಿ ಬರ್ತಾವ. ಮುಚ್ಚಳ ತಗದಾಗ ಕೊಳೆತ ತತ್ತಿ ವಾಸನಿ ಬಂದ್ರ ಕೆಲಸ ಕೆಟ್ಟೈತಿ ಅಂತ ತಿಳ್ಕೋರಿ.

ಮತ್ತ ಕರೆಂಟ್ ಹೋದಾಗ ಸ್ವಲ್ಪ ಲಕ್ಷ್ಯ ಇರ್ಲಿ. ಡಬ್ಬಿ ಗಾಳಿ ಆಡದ ಬಂದ್ ಪಾತ್ರಿ, ಒಳಗಿನ ಬ್ಯಾಕ್ಟೀರಿಯಾ ಇದ್ದ ಆಕ್ಸಿಜನ್ ಕುಡದು ಮುಗಸ್ತಾವ. ನಾಲ್ಕೈದು ತಾಸು ಮ್ಯಾಲೆ ಕರೆಂಟ್ ಬಂದ್ರ, ಆ ನೀರು ಹಂಗ ಟ್ಯಾಂಕಿಗೆ ಬಿಡಬ್ಯಾಡ್ರಿ. ಬಿಚ್ಚಿ ಚೆಲ್ಲಿ, ಟ್ಯಾಂಕಿನ ನೀರಾಗ ಮೀಡಿಯಾ ಒಮ್ಮೆ ಅದ್ದಿ ತಗದು, ಆಮ್ಯಾಲೆ ಚಾಲೂ ಮಾಡ್ರಿ. ಹೊರಗ ಹೋದಾಗ ಕರೆಂಟ್ ಬಂದು, ಒಳಗ ಗಾಳಿ ಇದ್ರ ಇಂಪೆಲ್ಲರ್ ಒಣಾ ತಿರಗತೈತಿ. ಅದಕ್ಕ ನೀರ ಎಣ್ಣಿ ಇದ್ದಂಗ. ನೀರಿಲ್ಲಂದ್ರ ಕಡ್ಡಿ ಸವೀತೈತಿ.

---

ಟೆಟ್ರಾ_ತುಮಕೂರು

ಎಲ್ಲವನ್ನೂ ಒಂದೊಂದಾಗಿ ಮಾಡಿದೆ. ಫಲಿತಾಂಶ:

ಏರ್ ಪಂಪ್ ಬಂದ್: ವ್ಯತ್ಯಾಸ ಇಲ್ಲ.
1 ಲೀಟರ್ ಜಗ್: 11 ಸೆಕೆಂಡ್. ಇನ್‌ಟೇಕ್ ಸ್ಪಾಂಜ್ ತೆಗೆದ ಮೇಲೆ 9.
ಇನ್‌ಟೇಕ್ ಪೈಪಿನಲ್ಲಿ ಟಾರ್ಚ್: ಒಂದು ಗುಳ್ಳೆಯೂ ಇಲ್ಲ.
ನೀರು ಏರಿಸಿ, ಹೊರ ಜಾಯಿಂಟಿಗೆ ವ್ಯಾಸಲಿನ್: ವ್ಯತ್ಯಾಸ ಇಲ್ಲ.
ಟಿಶ್ಯೂ: ಹಿಂಬದಿಯ ಎಡ ಕ್ಲಿಪ್ಪಿನ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಒದ್ದೆ. ಉಳಿದೆಲ್ಲ ಒಣ.

ಮುಚ್ಚಳ ತೆಗೆದೆ. ವಾಸನೆ ಇಲ್ಲ. ಮೇಲಿನ ಬುಟ್ಟಿಯ ವೂಲ್ ಮೂರೂ ಪದರ ಕಂದು ಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿದೆ. ಎತ್ತಿ ಹಿಡಿದರೆ ನೀರು ಇಳಿಯೋದೇ ಇಲ್ಲ, ಮೇಲೆ ಕೆರೆ ಕಟ್ಟಿದ ಹಾಗೆ ನಿಲ್ಲುತ್ತೆ. ಓ-ರಿಂಗ್ ಕೂರುವ ಗ್ರೂವಿನಲ್ಲಿ ಅದೇ ಎಡ ಮೂಲೆಗೆ ಬಿಳಿ ಸುಣ್ಣದ ಹೆಪ್ಪು, ಅದರ ಮೇಲೆ ಅಡ್ಡ ಬಿದ್ದ ಒಂದು ಎಳೆ ವೂಲ್. ಇಲ್ಲಿ ಬೋರ್‌ವೆಲ್ ನೀರು, ಗಡಸು ಜಾಸ್ತಿ.

ಈಗ ಓ-ರಿಂಗ್ ಬದಲಾಯಿಸಿದರೆ ಸಾಕಾ?

---

ಪಂಪ್_ಲೆಕ್ಕ

ಸಾಲದು. ಬರೀ ರಿಂಗ್ ಬದಲಾಯಿಸಿದರೆ ಗಾಳಿ ನಿಲ್ಲುತ್ತೆ, ಹರಿವು 11 ಸೆಕೆಂಡಿನಲ್ಲೇ ಉಳಿಯುತ್ತೆ. ಬರೀ ವೂಲ್ ಬದಲಾಯಿಸಿದರೆ ಎರಡು ವಾರ ನೆಮ್ಮದಿ, ಆಮೇಲೆ ಮತ್ತೆ ಇಲ್ಲಿಗೇ ಬರ್ತೀರಿ. ಎಡವಟ್ಟು ಎರಡು ಸೇರಿ ಆಗಿದೆ: ವೂಲ್ ಒತ್ತಡ ಇಳಿಸ್ತು, ಸುಣ್ಣದ ಸಂದು ದಾರಿ ಕೊಡ್ತು.

ವೂಲ್ ಒಂದೇ ಪದರ, 2 ಸೆಂ.ಮೀ. ಮೀರದಿರಲಿ. ಒತ್ತಿ ತುರುಕಬೇಡಿ. ವಾರಕ್ಕೊಮ್ಮೆ ಅಥವಾ ಹತ್ತು ದಿನಕ್ಕೊಮ್ಮೆ ಅದನ್ನು ಮಾತ್ರ ಎಸೆದು ಹೊಸದು ಹಾಕಿ. ಕಸ ಹಿಡಿಯುವ ಕೆಲಸ ಅಡಿಯ ಸ್ಪಾಂಜಿನದು. ವೂಲ್ ಇರೋದು ಕೊನೆಯ ಸಣ್ಣ ಧೂಳಿಗೆ. ನೀರು ಸ್ಫಟಿಕದ ಹಾಗೆ ಇರಲೇಬೇಕು ಅನ್ನೋ ಹಟ ಇಲ್ಲದಿದ್ದರೆ ವೂಲ್ ಇಲ್ಲದೆಯೂ ಫಿಲ್ಟರ್ ಚೆನ್ನಾಗೇ ಓಡುತ್ತೆ. ಇನ್‌ಟೇಕ್ ಸ್ಪಾಂಜ್ ವಾರಕ್ಕೊಮ್ಮೆ ಹಿಂಡಿ. ಬರೀ ಅದೇ 2 ಸೆಕೆಂಡ್ ತಿಂತಿತ್ತು, ನೋಡಿ.

ಗ್ರೂವಿಗೆ ಬಿಳಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯ ಪಟ್ಟಿ ಇಟ್ಟು ಅರ್ಧ ಗಂಟೆ ಬಿಡಿ, ಹಳೇ ಟೂತ್ ಬ್ರಷ್‌ನಲ್ಲಿ ಉಜ್ಜಿ, ನಲ್ಲಿ ನೀರಲ್ಲಿ ಚೆನ್ನಾಗಿ ತೊಳೀರಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಪ್ಲಾಸ್ಟಿಕ್‌ನಲ್ಲಿ ಬಿದ್ದ ಗೀರು ಜೀವನಪೂರ್ತಿ ಗಾಳಿಗೆ ದಾರಿ. ಓ-ರಿಂಗ್ ಬೆರಳ ನಡುವೆ ಎಳೆಯುತ್ತಾ ಸುತ್ತ ನೋಡಿ. ಎಲ್ಲೂ ಬಿರುಕಿಲ್ಲದೆ ದುಂಡಗೇ ಇದ್ದರೆ ಹಳೆಯದೇ ಸಾಕು. ಒಂದು ಕಡೆ ಚಪ್ಪಟೆಯಾಗಿ ಅಲ್ಲೇ ಕೂತಿದ್ದರೆ ಬದಲಾಯಿಸಿ.

ಸವರೋದು ಸಿಲಿಕೋನ್ ಗ್ರೀಸ್, ತೆಳ್ಳಗೆ, ರಿಂಗ್ ಹೊಳೆಯುವಷ್ಟು ಮಾತ್ರ. ವ್ಯಾಸಲಿನ್ ಬೇಡ, ಪೆಟ್ರೋಲಿಯಂ ಪದಾರ್ಥಕ್ಕೆ ಕೆಲವು ಬಗೆಯ ರಬ್ಬರ್ ಉಬ್ಬಿ ಮೆತ್ತಗಾಗುತ್ತೆ. ಅಡುಗೆ ಎಣ್ಣೆಯಂತೂ ಬೇಡವೇ ಬೇಡ. ಕ್ಲಿಪ್ ಹಾಕುವಾಗ ಒಂದಾದ ಮೇಲೆ ಎದುರಿನದು ಹಾಕಿ. ಒಂದೇ ಕಡೆಯ ಎರಡು ಮೊದಲು ಹಾಕಿದರೆ ಮುಚ್ಚಳ ಓರೆಯಾಗಿ ಕೂರುತ್ತೆ.

ಹರಿವು ಕಮ್ಮಿ ಮಾಡಬೇಕು ಅನ್ನಿಸಿದಾಗ ಔಟ್‌ಲೆಟ್ ವಾಲ್ವ್ ತಿರುಗಿಸಿ. ಇನ್‌ಟೇಕ್ ವಾಲ್ವ್ ಮಾತ್ರ ಪೂರ್ತಿ ತೆರೆದೇ ಇರಬೇಕು. ಅದನ್ನು ಅರ್ಧ ಮುಚ್ಚೋದೂ ವೂಲ್ ತುರುಕೋದೂ ಒತ್ತಡದ ಲೆಕ್ಕದಲ್ಲಿ ಒಂದೇ.

---

ಕರಾವಳಿ_ಜಲಸಸ್ಯ

ಹೇಗೂ ಬಿಚ್ಚಿದ್ದೀರಲ್ಲ, ವಾಪಸ್ ಜೋಡಿಸುವ ಕ್ರಮವನ್ನೂ ಹೇಳಿಬಿಡ್ತೇನೆ. ಹೆಚ್ಚಿನವರು ಖಾಲಿ ಡಬ್ಬ ಮುಚ್ಚಿ, ಪ್ರೈಮಿಂಗ್ ಬಟನ್ (ನೀರು ಎಳೆದು ತುಂಬಿಸುವ ಕೈಬಟನ್) ಮೂವತ್ತು ಸಲ ಒತ್ತಿ ಸುಸ್ತಾಗುತ್ತಾರೆ. ಇದು ತೋಟದ ಮೋನೋಬ್ಲಾಕ್ ಪಂಪಿನ ಹಾಗೆ, ನೀರು ತುಂಬಿಸಿಯೇ ಶುರು ಮಾಡಬೇಕು. ಗಾಳಿಯನ್ನು ತಳ್ಳುವ ಶಕ್ತಿ ಈ ಇಂಪೆಲ್ಲರಿಗಿಲ್ಲ.

ಮೊದಲು ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಮೀಡಿಯಾವನ್ನು ಟ್ಯಾಂಕಿನಿಂದ ತೆಗೆದ ನೀರಿನ ಬಕೆಟ್‌ನಲ್ಲಿ ಮುಳುಗಿಸಿ ಅಲ್ಲಾಡಿಸಿ. ಹೊಸ ಸೆರಾಮಿಕ್ ರಿಂಗ್ ಆದರೆ ಒಂದು ರಾತ್ರಿ ನೆನೆಸಿಡಿ, ಅದರ ಸಣ್ಣ ರಂಧ್ರಗಳಲ್ಲಿ ಗಾಳಿ ತುಂಬಿರುತ್ತದೆ, ನಿಧಾನಕ್ಕೆ ಬಿಡುತ್ತದೆ. ಕಾರ್ಬನ್‌ಗೂ ಅದೇ. ಸ್ಪಾಂಜನ್ನು ನೀರಿನ ಒಳಗೇ ಹಿಂಡಿ, ಒಳಗೇ ಬಿಟ್ಟು, ನೀರು ಕುಡಿದ ಮೇಲೆ ಎತ್ತಿ ಬುಟ್ಟಿಗೆ ಹಾಕಿ.

ಬುಟ್ಟಿ ಇಳಿಸಿದ ಮೇಲೆ ಡಬ್ಬಕ್ಕೆ ಟ್ಯಾಂಕಿನ ನೀರನ್ನೇ ಸುರಿಯಿರಿ, ಮೇಲಿನ ಬುಟ್ಟಿಯ ಅಂಚಿನವರೆಗೆ. ಅಂಚು ಮೀರಿ ತುಂಬಿದರೆ ಮುಚ್ಚಳ ಇಡುವಾಗ ಕಪಾಟು ತೊಯ್ಯುತ್ತದೆ, ಅಷ್ಟೇ. ಮುಚ್ಚಳ, ಕ್ಲಿಪ್, ವಾಲ್ವ್ ಬ್ಲಾಕ್ (ಎರಡೂ ಪೈಪಿನ ವಾಲ್ವ್ ಇರುವ ತುಂಡು) ಹಾಕಿ. ಸ್ಪ್ರೇ ಬಾರನ್ನು ನೀರಿನಿಂದ ಮೇಲೆತ್ತಿ ಇಡಿ, ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು. ಮೊದಲು ಔಟ್‌ಲೆಟ್ ವಾಲ್ವ್, ಆಮೇಲೆ ಇನ್‌ಟೇಕ್ ತೆರೆಯಿರಿ. ಈಗ ಬಟನ್ ನಾಲ್ಕೈದು ಸಲ ಒತ್ತಿದರೆ ಸೈಫನ್ ಹಿಡಿಯುತ್ತದೆ. ಔಟ್‌ಲೆಟ್ ಪೈಪಿನಲ್ಲಿ ನೀರು ಮೇಲೇರುತ್ತಾ ಟ್ಯಾಂಕಿನ ಮಟ್ಟಕ್ಕೆ ಬಂದು ತಾನೇ ನಿಲ್ಲಬೇಕು. ಅದು ನಿಲ್ಲುವ ತನಕ ಪ್ಲಗ್ ಮುಟ್ಟಬೇಡಿ.

ಆಮೇಲೆ ಡಬ್ಬವನ್ನು 20–30 ಡಿಗ್ರಿ ಓರೆ ಮಾಡಿ. ಔಟ್‌ಲೆಟ್ ಇರುವ ಬದಿ ಮೇಲೆ ಬರುವ ಹಾಗೆ ಹಿಡಿಯಬೇಕು, ಉಲ್ಟಾ ಮಾಡಿದರೆ ಗಾಳಿ ಎದುರಿನ ಮೂಲೆಗೆ ಹೋಗಿ ಕೂರುತ್ತದೆ. ಬದಿಗೆ ಅಂಗೈಯಿಂದ ತಟ್ಟಿ. ನಂತರ 10 ಸೆಕೆಂಡ್ ಆನ್, 10 ಸೆಕೆಂಡ್ ಆಫ್, ಹೀಗೆ ಐದಾರು ಸಲ. ಆಫ್ ಮಾಡಿದಾಗಲೇ ಗಾಳಿ ಇಂಪೆಲ್ಲರ್ ಬಿಟ್ಟು ಮೇಲೇರುವುದು. ಸುಮ್ಮನೆ ಓಡಿಸುತ್ತಾ ಕೂತರೆ ಅದನ್ನೇ ನೊರೆ ಮಾಡಿ ತಿರುಗಿಸುತ್ತಿರುತ್ತದೆ.

ಪೈಪ್ ಬಿಚ್ಚಿದ್ದರೆ ತುದಿ ಗಟ್ಟಿಯಾಗಿದೆಯೇ ನೋಡಿ. ಗಟ್ಟಿ ಇದ್ದರೆ 2 ಸೆಂ.ಮೀ. ಕತ್ತರಿಸಿ, ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ, ಮೂತಿಯ ಏಣುಗಳೆಲ್ಲ ದಾಟುವ ತನಕ ತಳ್ಳಿ. ಸ್ಟೀಲ್ ಕ್ಲಿಪ್ ಹಾಕುವುದಾದರೆ ಹದವಾಗಿ ಬಿಗಿಯಿರಿ, ಅತಿಯಾದರೆ ಒಳಗಿನ ಪ್ಲಾಸ್ಟಿಕ್ ಮೂತಿಯೇ ಸೀಳುತ್ತದೆ. ವೈರ್ ಒಂದು ಕಡೆ ನೇತಾಡಿ ಪ್ಲಗ್‌ಗಿಂತ ಕೆಳಗೆ ಬರುವ ಹಾಗಿರಲಿ, ಪೈಪಿನಿಂದ ಇಳಿದ ಹನಿ ಬೋರ್ಡಿಗೆ ಹೋಗಬಾರದು.

---

ಟೆಟ್ರಾ_ತುಮಕೂರು

ವೂಲ್ ಒಂದು ಪದರ, ಗ್ರೂವ್ ವಿನೆಗರ್‌ನಲ್ಲಿ ತೊಳೆದು, ಹಳೇ ರಿಂಗಿಗೇ ಸಿಲಿಕೋನ್ ಗ್ರೀಸ್ ಸವರಿ ಜೋಡಿಸಿದೆ. ಜಗ್ 6.5 ಸೆಕೆಂಡಿನಲ್ಲಿ ತುಂಬ್ತಿದೆ. ಸದ್ದಿಲ್ಲ, ಗುಳ್ಳೆಯಿಲ್ಲ, ಟಿಶ್ಯೂ ಒಂದು ಗಂಟೆ ಆದರೂ ಒಣಗೇ ಇದೆ. ಎಲ್ಲರಿಗೂ ಥ್ಯಾಂಕ್ಸ್.

ರಿಂಗ್ ಆ ಮೂಲೆಯಲ್ಲಿ ಸ್ವಲ್ಪ ಚಪ್ಪಟೆಯಾಗಿದೆ, ಹಾಗಾಗಿ ಒಂದು ಸ್ಪೇರ್ ಇಟ್ಕೊಳ್ಳೋಣ ಅಂತ. ಕಂಪನಿ ರಿಂಗ್ ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯದು ನಡೆಯುತ್ತಾ?

---

ಬಾರ್ಬ್_ಮಲ್ನಾಡ್

ನಡೆಯುತ್ತೆ, ಆದರೆ ಕಣ್ಣಳತೆಯಲ್ಲಿ ತರಬೇಡಿ. ಬೇಕಾಗಿರೋದು ಎರಡು ಅಳತೆ: ರಬ್ಬರಿನ ದಪ್ಪ ಮತ್ತು ಒಳ ಸುತ್ತಳತೆ. ದಪ್ಪವನ್ನು ವರ್ನಿಯರ್‌ನಲ್ಲಿ, ಚಪ್ಪಟೆಯಾಗದ ಕಡೆ ಹಿಡಿದು ಅಳೆಯಿರಿ. ಸುತ್ತಳತೆಯನ್ನು ರಿಂಗಿನಿಂದ ತೆಗೆಯಬೇಡಿ, ಹಳೇ ರಿಂಗ್ ಹಿಗ್ಗಿರುತ್ತೆ. ಗ್ರೂವಿನ ಒಳಗೋಡೆಗೆ ದಾರ ಸುತ್ತಿ ಅಳೆಯಿರಿ. ಮುಚ್ಚಳ ಚೌಕ ಇದ್ದರೂ ತೊಂದರೆಯಿಲ್ಲ, ದುಂಡು ರಿಂಗೇ ಮೂಲೆಗೆ ಬಾಗಿ ಕೂರುತ್ತೆ, ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಅಂಗಡಿಯಲ್ಲಿ ಕೇಳಬೇಕಾದ ಒಳವ್ಯಾಸ ಸಿಗುತ್ತೆ. ಒಂದೆರಡು ಮಿ.ಮೀ. ಚಿಕ್ಕದಾದರೆ ಎಳೆದು ಕೂರಿಸಬಹುದು. ದೊಡ್ಡದಾದರೆ ಕ್ಲಿಪ್ ಹಾಕುವಾಗ ಸುಕ್ಕುಗಟ್ಟಿ ಹೊರಗೆ ಹಾರುತ್ತೆ.

ದಪ್ಪದಲ್ಲಿ ಮಾತ್ರ ರಾಜಿ ಬೇಡ. ತೆಳ್ಳಗಿದ್ದರೆ ಒತ್ತಿ ಕೂರಲ್ಲ, ದಪ್ಪಗಿದ್ದರೆ ಕ್ಲಿಪ್ಪಿನ ಪ್ಲಾಸ್ಟಿಕ್ ಕಿವಿ ಮುರಿಯುತ್ತೆ, ಕ್ಲಿಪ್ ಹೋದರೆ ಪೂರ್ತಿ ಮುಚ್ಚಳವೇ ಹೋದ ಹಾಗೆ. ಓ-ರಿಂಗ್ ಬಳ್ಳಿಯನ್ನು ಮೀಟರ್ ಲೆಕ್ಕದಲ್ಲಿ ಕೊಟ್ಟು ಸೂಪರ್ ಗ್ಲೂ ಹಾಕಿ ಅಂಟಿಸಿಕೊಳ್ಳಿ ಅಂತಾರೆ, ಬೇಡ. ಅಂಟಿಸಿದ ಜಾಗ ಗಟ್ಟಿಯಾಗಿ ಉಳಿದು ಸರಿಯಾಗಿ ಅಲ್ಲೇ ಸಂದು ಬಿಡುತ್ತೆ.